ಕಪ್ಪಾದ ಮೂರನೇ ಬಾಟಲಿ

"ನೀರಿನಿಂದ ಹರಡುವ ರೋಗಗಳು ಯಾವುವು?"

ನಾಲ್ಕನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಮಗ್ಗಿ ಹೇಳುವ ರಾಗದಲ್ಲೇ ಉತ್ತರ ಬರುತ್ತದೆ: ಕಾಲರಾ, ಟೈಫಾಯಿಡ್, ಕಾಮಾಲೆ, ಆಮಶಂಕೆ. ಕೊನೆಯ ಸಾಲಿನಲ್ಲಿ ಕೂತವನಿಗೂ ಬಾಯಿಪಾಠ. ಅಷ್ಟರಲ್ಲಿ ಬಿಡುವಿನ ಗಂಟೆ ಬಾರಿಸುತ್ತದೆ. ಮಕ್ಕಳು ಜಗಲಿಗೆ ಓಡುತ್ತಾರೆ. ಗೋಲಿ ಆಡಿದ ಕೈ, ಸಿಂಬಳ ಒರೆಸಿದ ಕೈ, ಈಗಷ್ಟೇ ಎರಡಕ್ಕೆ ಹೋಗಿ ಬಂದ ಕೈ, ಎಲ್ಲವೂ ಸ್ಟೀಲ್ ಲೋಟದ ಸಮೇತ ಮಣಿಕಟ್ಟು ಮುಳುಗುವಷ್ಟು ಕುಡಿಯುವ ನೀರಿನ ಡ್ರಮ್ಮಿಗೆ ಇಳಿಯುತ್ತವೆ.

ತುಮಕೂರು ಸೀಮೆಯ ಹಳ್ಳಿಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಳಾದವಳು ನಾನು. ಒಳಗಿನ ಆ ಉತ್ತರಕ್ಕೂ ಹೊರಗಿನ ಈ ಡ್ರಮ್ಮಿಗೂ ಸಂಬಂಧವೇ ಇಲ್ಲ ಎಂಬುದು ನನಗೆ ಬಹಳ ವರ್ಷ ಹೊಳೆಯಲಿಲ್ಲ. ನಾಲ್ಕು ರೋಗದ ಹೆಸರು ಬರೆದವರಿಗೆ ನಾಲ್ಕು ಅಂಕ ಕೊಟ್ಟು, ಪಾಠ ಮುಗಿಯಿತು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ನನ್ನ ಕಣ್ಣು ತೆರೆಸಿದ್ದು ಹೆಬ್ಬೆರಳುದ್ದದ ಒಂದು ಬಾಟಲಿ.

ಪಂಚಾಯಿತಿಯಿಂದ ನೀರು ಪರೀಕ್ಷೆಯ ಕಿಟ್ ಬಂದಿತ್ತು. ಅದರೊಳಗೆ ಮದ್ದು ಹಾಕಿದ ಪುಟ್ಟ ಬಾಟಲಿಗಳು. ನೀರನ್ನು ಗೆರೆಯವರೆಗೆ ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಆಯಿತು. ಕರುಳಿನಲ್ಲಿ ವಾಸಿಸುವ ಜಾತಿಯ ಬ್ಯಾಕ್ಟೀರಿಯಾ ನೀರಿನಲ್ಲಿದ್ದರೆ ಅವು ಬೆಳೆಯುತ್ತಾ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತವೆ, ಆ ಅನಿಲ ಮದ್ದಿನಲ್ಲಿರುವ ಕಬ್ಬಿಣದ ಅಂಶದೊಂದಿಗೆ ಸೇರಿ ನೀರನ್ನು ಕಪ್ಪಾಗಿಸುತ್ತದೆ. ಈ ಸರಳ ಪರೀಕ್ಷೆಯನ್ನು 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಲೋಕಕ್ಕೆ ತಿಳಿಸಿದವರು ನಮ್ಮ ದೇಶದ ವಿಜ್ಞಾನಿಗಳೇ. ಪ್ರಯೋಗಾಲಯ ಬೇಡ, ಸೂಕ್ಷ್ಮದರ್ಶಕ ಬೇಡ. ಆರು ವರ್ಷದ ಮಗುವೂ ಫಲಿತಾಂಶ ಓದಬಲ್ಲದು.

ನಾನು ಮೂರು ಬಾಟಲಿ ತೆಗೆದುಕೊಂಡೆ. ಒಂದಕ್ಕೆ ಊರ ಮುಂದಿನ ತೊಂಬೆಯ ನಲ್ಲಿ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದಿಂದ ಆಗಷ್ಟೇ ಹಿಡಿದ ನೀರು, ಮೂರನೆಯದಕ್ಕೆ ನಮ್ಮ ಜಗಲಿಯ ಡ್ರಮ್ಮಿನದು. ಡ್ರಮ್ಮಿಗೆ ದಿನವೂ ತುಂಬುತ್ತಿದ್ದದ್ದು ಅದೇ ಶುದ್ಧ ಘಟಕದ ನೀರು. ಮಕ್ಕಳೇ ಚೀಟಿ ಅಂಟಿಸಿ, ಬೀರುವಿನೊಳಗೆ ಸಾಲಾಗಿ ಇಟ್ಟರು. ಯಾವುದು ಕಪ್ಪಾಗುತ್ತದೆ ಎಂದು ಕೇಳಿದೆ. ತೊಂಬೆಯದು ಎಂದು ಎಲ್ಲರೂ ಕೈ ಎತ್ತಿದರು. ತೊಂಬೆಯ ಸುತ್ತ ಕೆಸರು, ಪಾಚಿ, ಎಮ್ಮೆ ಮೈ ತೊಳೆಯುವ ಜಾಗ. ನನ್ನ ಮನಸ್ಸಿನಲ್ಲಿದ್ದ ಉತ್ತರವೂ ಅದೇ.

ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಬೀರು ತೆಗೆದೆವು. ತೊಂಬೆಯದು ಹಾಗೇ ಇತ್ತು, ನೀರುಗಂಟಿ ಆ ವಾರವಷ್ಟೇ ಬ್ಲೀಚಿಂಗ್ ಪುಡಿ ಹಾಕಿದ್ದನಂತೆ. ಘಟಕದ್ದೂ ಹಾಗೇ ಇತ್ತು. ಮೂರನೆಯದು, ನಮ್ಮ ಡ್ರಮ್ಮಿನದು, ಕಾಡಿಗೆಯಂತೆ ಕಪ್ಪಾಗಿತ್ತು. ಇಡೀ ತರಗತಿ ಒಂದು ಕ್ಷಣ ಮಾತಾಡಲಿಲ್ಲ. ಎರಡನೇ ತರಗತಿಯ ಒಬ್ಬಳು ಬಾಟಲಿಯನ್ನು ನೋಡಿದಳು, ಆಮೇಲೆ ತನ್ನ ಅಂಗೈ ನೋಡಿಕೊಂಡಳು. "ಮಿಸ್, ಇದು ನಮ್ ಕೈದಾ?"

ಆ ಪ್ರಶ್ನೆಯಲ್ಲಿ ಇಡೀ ಪಾಠವಿತ್ತು. ರೋಗದ ಹೆಸರು ಗೊತ್ತಿಲ್ಲದಿದ್ದರೂ ಆ ಮಗುವಿಗೆ ರೋಗ ಬರುವ ದಾರಿ ಗೊತ್ತಾಯಿತು. ಎಳೆಯ ಮಕ್ಕಳಿಗೆ ಕಲಿಸಬೇಕಾದದ್ದು ಆ ದಾರಿಯನ್ನೇ ಎಂಬುದು ಅಂದಿನಿಂದ ನನ್ನ ನಂಬಿಕೆ.

ದಾರಿ ಎಂದರೆ ಬಹಳ ಚಿಕ್ಕದು. ಒಬ್ಬರ ಹೊಟ್ಟೆಯಿಂದ ಹೊರಬಿದ್ದದ್ದು ಇನ್ನೊಬ್ಬರ ಬಾಯಿಗೆ ಹೋಗುವುದು. ನೀರು, ಕೈಬೆರಳು, ನೊಣ, ಹೊಲದ ಮಣ್ಣು, ತಿನ್ನುವ ಅನ್ನ, ಇವುಗಳ ಮೂಲಕ ಅದು ಹೇಗೆ ಪಯಣಿಸುತ್ತದೆಂದು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ್ದರು. ಇಂದಿಗೂ ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ಆ ಚಿತ್ರ ಬಳಕೆಯಲ್ಲಿದೆ. ಆದರೆ ಅದನ್ನು ಮಕ್ಕಳ ಮುಂದೆ ಹೇಳಲು ನಮಗೆ ನಾಲಿಗೆ ಏಳುವುದಿಲ್ಲ. ಪಠ್ಯದಲ್ಲಿ "ಮಲ" ಎಂದಿರುತ್ತದೆ, "ಕಲುಷಿತ" ಎಂದಿರುತ್ತದೆ. ಆರು ವರ್ಷದ ಮಗುವಿಗೆ ಆ ಎರಡೂ ಪದ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು "ಕಕ್ಕ". ನಾನು ಮೊದಲ ಸಲ ತರಗತಿಯಲ್ಲಿ ಆ ಪದ ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು, ಪಕ್ಕದ ಕೊಠಡಿಯ ಶಿಕ್ಷಕರು ಇಣುಕಿ ನೋಡಿದರು. ನಕ್ಕು ಸುಸ್ತಾದ ಮೇಲೆ ಮಕ್ಕಳು ಕೇಳಿಸಿಕೊಂಡರು. "ಯಾರದೋ ಕಕ್ಕ ನಮ್ಮ ಬಾಯಿಗೆ ಬಂದರೆ ಹೊಟ್ಟೆ ಕೆಡುತ್ತೆ. ಹೇಗೆಲ್ಲಾ ಬರಬಹುದು, ಹೇಳಿ?" ಎಂದು ಕೇಳಿದ್ದಕ್ಕೆ ಬಂದ ಉತ್ತರಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಚಪ್ಪಲಿಯಿಂದ, ಕೋಳಿ ಕಾಲಿನಿಂದ, ಕೆರೆದಂಡೆಯಲ್ಲಿ ಬಿದ್ದ ಚೆಂಡಿನಿಂದ, ತಂಗಿಯ ಅಂಡು ತೊಳೆದ ಅಮ್ಮನ ಕೈಯಿಂದ. ಕೊನೆಯದನ್ನು ಹೇಳಿದ ಹುಡುಗ ಥಟ್ಟನೆ ಬಾಯಿ ಮುಚ್ಚಿಕೊಂಡ, ಅಮ್ಮನ ಮೇಲೆ ಚಾಡಿ ಹೇಳಿದೆನೇನೋ ಎನ್ನುವಂತೆ.

ಕಣ್ಣಿಗೆ ಕಾಣದ್ದನ್ನು ನಂಬಿಸುವುದು ಈ ಪಾಠದ ನಿಜವಾದ ಕಷ್ಟ. ರೋಗಾಣು ಎಂದರೆ ಮಕ್ಕಳು ಕೊಂಬು, ಕೋರೆಹಲ್ಲು ಇರುವ ರಾಕ್ಷಸನ ಚಿತ್ರ ಬರೆಯುತ್ತಾರೆ. ಭಿತ್ತಿಪತ್ರಗಳಲ್ಲಿ ನಾವು ತೋರಿಸಿದ್ದೇ ಹಾಗೆ. ತನ್ನ ಅಂಗೈ ಮೇಲೆ ಅಂಥ ರಾಕ್ಷಸ ಕಾಣದಿದ್ದರೆ ಕೈ ಶುದ್ಧವಾಗಿದೆ ಎಂದೇ ಅರ್ಥ. ಇದಕ್ಕೆ ನನಗೆ ಒದಗಿದ್ದು ಅಡುಗೆಮನೆಯ ಅರಿಶಿನ.

ಒಂದು ಚಮಚ ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿ ಒಂದೇ ಮಗುವಿನ ಅಂಗೈಗೆ ಸವರಿ. ಆಮೇಲೆ ಎಲ್ಲರೂ ಎಂದಿನಂತೆ ಒಂದರ್ಧ ಗಂಟೆ ಆಡಲಿ, ಬರೆಯಲಿ. ಅರಿಶಿನ ಎಲ್ಲೆಲ್ಲಿ ಹತ್ತಿದೆ ಎಂದು ಹುಡುಕಲು ಹೇಳಿ. ಬಾಗಿಲ ಚಿಲಕ, ಗೆಳತಿಯ ಜಡೆ, ಬಳಪ, ಲೋಟದ ಅಂಚು, ಸ್ವಂತ ತುಟಿ, ಎಲ್ಲಾ ಕಡೆ ಹಳದಿ. ಕೈಯೊಂದು ಎಷ್ಟು ಊರು ಸುತ್ತುತ್ತದೆ ಎನ್ನುವುದಕ್ಕೆ ಬೇರೆ ವಿವರಣೆ ಬೇಡ. ಈಗ ಬರೀ ನೀರಿನಲ್ಲಿ ತೊಳೆಸಿ. ಎಣ್ಣೆಗೆ ನೀರು ಹತ್ತುವುದಿಲ್ಲ, ಹಳದಿ ಹಾಗೇ ಉಳಿಯುತ್ತದೆ. ಆಮೇಲೆ ಸಾಬೂನು ಹಚ್ಚಿಸಿ. ಸಾಬೂನಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಆರತಿ ತಟ್ಟೆಯಲ್ಲಿ ಸುಣ್ಣ ಬೆರೆತಾಗ ಓಕುಳಿ ಆಗುವುದೂ ಇದೇ ಗುಣದಿಂದ. "ಮಿಸ್, ನನ್ ಕೈ ಓಕ್ಳಿ ಆಯ್ತು!" ಎಂದು ಕಿರುಚುತ್ತಾ ಮಕ್ಕಳು ಉಜ್ಜಿಕೊಳ್ಳುತ್ತಾರೆ. ಎಲ್ಲಿ ಸಾಬೂನು ತಾಗಿಲ್ಲವೋ ಅಲ್ಲಿ ಹಳದಿ ಉಳಿದು ತೋರಿಸಿಕೊಡುತ್ತದೆ. ಸಾಮಾನ್ಯವಾಗಿ ಉಳಿಯುವುದು ಹೆಬ್ಬೆರಳ ಬುಡ, ಬೆರಳ ಸಂದು, ಉಗುರಿನ ಕೆಳಗೆ. (ಬಾರ್ ಸಾಬೂನನ್ನೇ ಬಳಸಿ. ಕೈತೊಳೆಯುವ ದ್ರವಗಳಲ್ಲಿ ಎಷ್ಟೋ ಬಾರಿ ಬಣ್ಣ ತಿರುಗುವಷ್ಟು ಕ್ಷಾರ ಇರುವುದಿಲ್ಲ.) ಕೈ ತೊಳೆಯುವ ಹಂತಗಳ ಚಾರ್ಟು ವರ್ಷವಿಡೀ ಗೋಡೆಯ ಮೇಲಿದ್ದರೂ ಆಗದ ಕೆಲಸ ಆ ಒಂದು ಬೆಳಗಿನಲ್ಲಿ ಆಯಿತು.

ಸಾಬೂನಿನ ಶಕ್ತಿ ಸಣ್ಣದಲ್ಲ. ಕರಾಚಿಯ ಬಡ ವಸತಿಗಳಲ್ಲಿ ಮನೆಮನೆಗೆ ಸಾಬೂನು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. 15 ವರ್ಷದೊಳಗಿನ ಮಕ್ಕಳಲ್ಲಿ ಭೇದಿ ಶೇ 53ರಷ್ಟು ಕಡಿಮೆಯಾಗಿತ್ತು. ಜಗತ್ತಿನಲ್ಲಿ ಇಂದಿಗೂ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿ ವರ್ಷ ಭೇದಿಯಿಂದ ಸಾಯುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಹತ್ತಿಪ್ಪತ್ತು ರೂಪಾಯಿಯ ಒಂದು ಬಿಲ್ಲೆಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಬೇಕು.

ಇನ್ನೊಂದು ತೊಡಕು ಕಾಲದ್ದು. ಬೆಂಕಿ ಮುಟ್ಟಿದರೆ ಆ ಕ್ಷಣವೇ ಸುಡುತ್ತದೆ, ಮಗು ಒಮ್ಮೆಗೇ ಕಲಿಯುತ್ತದೆ. ಕೆಟ್ಟ ನೀರು ಹಾಗಲ್ಲ. ಟೈಫಾಯಿಡ್ ಜ್ವರ ಬರಲು ಒಂದೆರಡು ವಾರ ಬೇಕು, ಕಾಮಾಲೆಗೆ ತಿಂಗಳೇ ಹಿಡಿಯಬಹುದು. ಜಾತ್ರೆಯಲ್ಲಿ ಕುಡಿದ ಬಣ್ಣದ ಶರಬತ್ತು ಯಾರಿಗೆ ನೆನಪಿರುತ್ತದೆ? "ನಾನ್ ದಿನಾ ಕುಡಿತೀನಿ, ಏನೂ ಆಗಿಲ್ಲ" ಎನ್ನುವ ಹುಡುಗನ ಮಾತಿನಲ್ಲಿ ಅವನ ಅನುಭವಕ್ಕೆ ತಕ್ಕ ತರ್ಕವೇ ಇದೆ. ಅವನಿಗೆ ನಾನು ಹೊಲದ ಮಾತಿನಲ್ಲೇ ಉತ್ತರ ಕೊಡುತ್ತಿದ್ದೆ. ರಾಗಿ ಬಿತ್ತಿದ ದಿನವೇ ತೆನೆ ಬರುತ್ತಾ? ಅವರೆಕಾಳು ನೆಟ್ಟ ಸಂಜೆಯೇ ಮೊಳಕೆ ಕಾಣುತ್ತಾ? ಹೊಟ್ಟೆಯೊಳಗೂ ಬಿತ್ತನೆ ನಡೆಯುತ್ತದೆ, ಬೆಳೆ ಕಾಣುವುದು ಆಮೇಲೆ. ಹೊಲದ ಮಕ್ಕಳಿಗೆ ಇದು ತಕ್ಷಣ ಹತ್ತುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಿಗೆ, ನಾಲ್ಕು-ಐದನೇ ತರಗತಿಯವರಿಗೆ, ಲಂಡನ್ನಿನ ಜಾನ್ ಸ್ನೋ ಕಥೆ ಪತ್ತೇದಾರಿ ಕಥೆಯ ಹಾಗೆ ರುಚಿಸುತ್ತದೆ. 1854ರ ಆಗಸ್ಟ್ ಕೊನೆಯಲ್ಲಿ ಸೋಹೊ ಎಂಬ ಬಡಾವಣೆಯಲ್ಲಿ ಕಾಲರಾ ಎದ್ದಿತು. ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಆಗಿನ ದೊಡ್ಡ ವೈದ್ಯರೆಲ್ಲ ನಂಬಿದ್ದ ಕಾಲ. ಸ್ನೋ ಮನೆಮನೆ ತಿರುಗಿ ಸತ್ತವರ ಲೆಕ್ಕ ಹಿಡಿದ, ನಕ್ಷೆಯ ಮೇಲೆ ಗುರುತು ಮಾಡಿದ. ಸಾವುಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ಸುತ್ತ ಮುತ್ತಿಕೊಂಡಿದ್ದವು. ಹತ್ತಿರದ ಅನಾಥಾಲಯದಂಥ ಒಂದು ಆಶ್ರಯಮನೆಯಲ್ಲಿ 535 ಜನರಿದ್ದರೂ ಸತ್ತವರು ಐದೇ ಮಂದಿ, ಅವರಿಗೆ ಸ್ವಂತ ಬಾವಿ ಇತ್ತು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಮಾತ್ರ ಸತ್ತಿದ್ದಳು, ಆ ಪಂಪಿನ ನೀರಿನ ರುಚಿಗೆ ಮನಸೋತು ದಿನವೂ ತರಿಸಿಕೊಳ್ಳುತ್ತಿದ್ದವಳು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಿದರು.

ಮಕ್ಕಳು ಇಲ್ಲಿ ಕೇಳುವ ಪ್ರಶ್ನೆ ಒಂದೇ: ಪಂಪಿಗೆ ಕಾಲರಾ ಹಾಕಿದ್ದು ಯಾರು? ಅದನ್ನು ಪತ್ತೆ ಮಾಡಿದ್ದು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ. ಪಂಪಿನ ಪಕ್ಕದ 40ನೇ ನಂಬರಿನ ಮನೆಯಲ್ಲಿ ಐದು ತಿಂಗಳ ಕೂಸಿಗೆ ಭೇದಿಯಾಗಿತ್ತು. ತಾಯಿ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಗುಂಡಿಗೆ ಸುರಿದಿದ್ದಳು. ಗುಂಡಿಯ ಇಟ್ಟಿಗೆ ಶಿಥಿಲವಾಗಿ ಕೊಳೆ ಪಂಪಿನ ಬಾವಿಗೆ ಜಿನುಗುತ್ತಿತ್ತು.

ಈ ಭಾಗ ಹೇಳುವಾಗ ನಾನು ನಿಧಾನಿಸುತ್ತೇನೆ. "ಹಾಲುಗೂಸಿನದು ಏನಾಗುತ್ತೆ ಬಿಡು" ಎಂದು ನಮ್ಮ ಮನೆಗಳಲ್ಲೂ ಎಷ್ಟೋ ತಾಯಂದಿರು ಕೂಸಿನ ಬಟ್ಟೆಯನ್ನು ನಲ್ಲಿಯ ಬುಡದಲ್ಲೇ ಜಾಲಿಸುತ್ತಾರೆ, ಕಾಗದದಲ್ಲಿ ಸುತ್ತಿ ಚರಂಡಿಗೆ ಎಸೆಯುತ್ತಾರೆ. ಕೂಸಿನ ಭೇದಿಯಲ್ಲಿ ರೋಗಾಣು ಕಡಿಮೆ ಏನಿರುವುದಿಲ್ಲ. ಕಥೆ ಮುಗಿದ ಮೇಲೆ ನಮ್ಮೂರ ನಕ್ಷೆ ಬರೆಯುವ ಕೆಲಸ. ನಲ್ಲಿಗೆ ನೀಲಿ, ಚರಂಡಿಗೆ ಕಪ್ಪು, ತಿಪ್ಪೆಗೆ ಕಂದು. ಎಲ್ಲಿ ನೀಲಿಯೂ ಕಪ್ಪೂ ಒಂದನ್ನೊಂದು ಮುಟ್ಟುತ್ತವೋ ಅಲ್ಲಿಗೆ ಕೆಂಪು ಸುತ್ತು. ನನ್ನ ಮಕ್ಕಳು ಬರೆದ ನಕ್ಷೆಯಲ್ಲಿ ಕೆಂಪು ಸುತ್ತು ಏಳು ಕಡೆ ಬಂತು. ಅದನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ ಬಂದೆವು. ಎರಡು ಕಡೆ ಕೊಳವೆ ಬದಲಾಯಿತು.

ಆ ನಕ್ಷೆಯಲ್ಲಿ ಮಕ್ಕಳು ಗುರುತಿಸಿದ ಒಂದು ಜಾಗದ ಬಗ್ಗೆ ದೊಡ್ಡವರಿಗೆ ಹೇಳಲೇಬೇಕು. ನೀರಿನ ಒತ್ತಡ ಕಡಿಮೆಯಿರುವ ಬೀದಿಗಳಲ್ಲಿ ನಲ್ಲಿಯನ್ನು ನೆಲಮಟ್ಟಕ್ಕಿಂತ ಕೆಳಗೆ, ಗುಂಡಿ ತೋಡಿ ಇಟ್ಟುಕೊಂಡಿರುತ್ತಾರೆ. ನೀರು ಬರುವ ಹೊತ್ತು ಮುಗಿದ ಮೇಲೆ ಆ ಗುಂಡಿಯಲ್ಲಿ ಮುಸುರೆ, ಮಳೆನೀರು, ಚರಂಡಿಯ ಕೊಚ್ಚೆ ನಿಲ್ಲುತ್ತದೆ. ಸರಬರಾಜು ನಿಂತಾಗ ಕೊಳವೆಯೊಳಗೆ ಒತ್ತಡ ಇಳಿದು, ಖಾಲಿ ಕೊಳವೆ ಆ ಕೊಚ್ಚೆಯನ್ನು ಒಳಗೆಳೆದುಕೊಳ್ಳುತ್ತದೆ. ಮುಂದಿನ ಸರದಿಯಲ್ಲಿ ಮೊದಲು ಬರುವುದು ಅದೇ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಕೆಲವು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ಸಂಶೋಧಕರು ಎರಡನ್ನೂ ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನವಿಡೀ ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಕಂಡದ್ದು ಶೇ 0.7ರಲ್ಲಿ, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಶೇ 31.7ರಲ್ಲಿ. ನೀರಿನ ಮೂಲ ಒಂದೇ ಊರಿನದು, ಕೆಡಿಸಿದ್ದು ದಾರಿ. ಅದಕ್ಕೇ ಮಕ್ಕಳಿಗೆ ಹೇಳಿಕೊಟ್ಟ ಸಣ್ಣ ಪಾಠ: ನಲ್ಲಿ ಬಿಟ್ಟಾಗ ಮೊದಲು ಬರುವ ನೀರು ಪಾತ್ರೆ ತೊಳೆಯಲು, ಗಿಡಕ್ಕೆ. ಕುಡಿಯುವ ಕೊಡ ಆಮೇಲೆ.

ತಿಳಿಯಾಗಿದ್ದರೆ ಶುದ್ಧ ಎನ್ನುವ ನಂಬಿಕೆ ಮಕ್ಕಳಿಗಿಂತ ದೊಡ್ಡವರಲ್ಲೇ ಗಟ್ಟಿ. ಒಂದು ಲೋಟ ತಿಳಿನೀರಿಗೆ ಚಮಚ ಉಪ್ಪು ಕರಗಿಸಿ, ಇನ್ನೊಂದಕ್ಕೆ ಏನೂ ಹಾಕದೆ, ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹೇಳಲು ಕೇಳಿ. ನೋಡಿದರೆ ಗೊತ್ತಾಗದ್ದು ನೀರಿನಲ್ಲಿ ಇರಬಹುದು ಎನ್ನುವುದು ನಾಲಿಗೆಗೆ ತಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಶೇ 48ರಷ್ಟು ಇಳಿದದ್ದು 2003ರಲ್ಲಿ ವರದಿಯಾಗಿದೆ, ಏಕೆಂದರೆ ಕಾಲರಾ ರೋಗಾಣು ಅಲ್ಲಿನ ಕೆರೆಕುಂಟೆಗಳ ಸಣ್ಣ ನೀರುಹುಳಗಳಿಗೆ ಅಂಟಿಕೊಂಡಿರುತ್ತದೆ, ಹುಳ ಬಟ್ಟೆಯಲ್ಲಿ ಉಳಿಯುತ್ತದೆ. ಉಳಿದರ್ಧ ಇಳಿಯಲಿಲ್ಲ ಎನ್ನುವುದನ್ನೂ ಮರೆಯಬಾರದು. ಟೈಫಾಯಿಡ್, ಕಾಮಾಲೆಯ ರೋಗಾಣುಗಳಿಗೆ ಬಟ್ಟೆ ತಡೆಯೇ ಅಲ್ಲ. ಅವಕ್ಕೆ ಕುದಿಸಬೇಕು, ಗುಳ್ಳೆ ಉಕ್ಕಿ ಕುದಿ ಬಂದ ಮೇಲೆ ಒಂದು ನಿಮಿಷ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಬೇಕು. ಆರಿದ ನೀರನ್ನು ತೊಳೆಯದ ಕೊಡಕ್ಕೆ ಸುರಿದರೆ ಸೌದೆ ದಂಡ.

ಶುದ್ಧ ನೀರಿನ ಘಟಕದ ಕ್ಯಾನ್‌ಗಳದ್ದೂ ಇದೇ ಕಥೆ. ನೀರು ಶುದ್ಧ, ಕ್ಯಾನಿನ ಒಳಗೋಡೆ ಹಸಿರು. ಕೈ ಹೋಗದಷ್ಟು ಕಿರಿದಾದ ಬಾಯಿ. ಹಿಡಿ ಕಲ್ಲುಪ್ಪು, ಸ್ವಲ್ಪ ನೀರು ಹಾಕಿ ಮಕ್ಕಳ ಕೈಗೆ ಕುಲುಕಲು ಕೊಟ್ಟರೆ ಪಾಚಿ ಸುಲಿದು ಬರುತ್ತದೆ. ಆಮೇಲೆ ಚೆನ್ನಾಗಿ ಜಾಲಿಸಿದರಾಯಿತು. ನಮ್ಮ ಜಗಲಿಯ ಡ್ರಮ್ಮಿಗೆ ಬುಡದಲ್ಲಿ ಒಂದು ನಲ್ಲಿ ಕೂರಿಸಿ, ಮೇಲಿನ ಮುಚ್ಚಳಕ್ಕೆ ಬೀಗ ಹಾಕಿದೆವು. ಮುಂದಿನ ಬಾಟಲಿ ಕಪ್ಪಾಗಲಿಲ್ಲ.

ತಿಳಿವಳಿಕೆಯಿಂದ ರೋಗ ಓಡಿಸಬಹುದೇ ಎಂದು ಅನುಮಾನಪಡುವವರಿಗೆ ನಾರುಹುಣ್ಣಿನ ಕಥೆ ಹೇಳುತ್ತೇನೆ. ಐವತ್ತು ದಾಟಿದ ಉತ್ತರ ಕರ್ನಾಟಕದವರಿಗೆ ಈ ಹೆಸರು ಕೇಳಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಮೆಟ್ಟಿಲು ಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋದ ಕಣ್ಣಿಗೆ ಕಾಣದ ಮರಿ, ಮೈಯೊಳಗೆ ವರ್ಷವಿಡೀ ಬೆಳೆದು, ಒಂದು ಮೀಟರ್‌ವರೆಗೆ ಉದ್ದವಾದ ದಾರದಂಥ ಹುಳವಾಗಿ ಕಾಲಿನ ಬೊಕ್ಕೆ ಒಡೆದು ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿಕೊಂಡು ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ಉರಿ ತಾಳಲಾರದೆ ರೋಗಿ ಕಾಲನ್ನು ಬಾವಿಯ ನೀರಿಗೆ ಇಳಿಬಿಟ್ಟರೆ ಹುಳ ಲಕ್ಷಾಂತರ ಮರಿಗಳನ್ನು ಅಲ್ಲಿ ಬಿಡುತ್ತಿತ್ತು. ಅವನ್ನು ನೀರುಹುಳ ತಿನ್ನುವುದು, ಆ ನೀರನ್ನು ಊರು ಕುಡಿಯುವುದು. ಇದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ, ಇಂದಿಗೂ ಇಲ್ಲ. ಇದ್ದದ್ದು ದಾರಿ ಕಡಿಯುವ ಉಪಾಯ ಮಾತ್ರ: ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿನ ಕಾಲು ಬಾವಿಗಿಳಿಯದಿರಲಿ, ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ, ನೀರಿಗೆ ಹುಳ ಸಾಯುವ ಮದ್ದು ಹಾಕಿ, ಕೈಪಂಪು ಕೂರಿಸಿ. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಗುಳಿಗೆಯಿಲ್ಲದೆ, ಸೂಜಿಯಿಲ್ಲದೆ ಒಂದು ರೋಗ ಈ ನೆಲದಿಂದ ಹೋಯಿತು.

ಇಷ್ಟೆಲ್ಲ ಕಲಿಸುವಾಗ ನಾನು ಮಾಡಿದ ಒಂದು ತಪ್ಪನ್ನು ಬರೆಯದಿದ್ದರೆ ಆಗದು. ಯಾರ ಮನೆಯಲ್ಲಿ ಶೌಚಾಲಯ ಇಲ್ಲ, ಕೈ ಎತ್ತಿ ಎಂದು ಒಮ್ಮೆ ಕೇಳಿಬಿಟ್ಟೆ. ಮೂರು ಕೈ ಮೇಲೆ ಬಂದವು, ಮೂರೂ ಊರಾಚೆಯ ಕೇರಿಯ ಮಕ್ಕಳದ್ದು. ಮಧ್ಯಾಹ್ನ ಊಟಕ್ಕೆ ಆ ಮೂವರ ಪಕ್ಕ ಯಾರೂ ಕೂರಲಿಲ್ಲ. ಮಡಿ-ಮೈಲಿಗೆಯ ಹಳೆಯ ನಂಜು ಶುಚಿತ್ವದ ಪಾಠದ ಬೆನ್ನೇರಿ ತರಗತಿಯೊಳಕ್ಕೆ ಬಂದಿತ್ತು. ಮರುದಿನದಿಂದ ನಾನು ಯಾರ ಮನೆಯ ಮಾತನ್ನೂ ಎತ್ತಲಿಲ್ಲ. ಎಲ್ಲರ ಕೈಗೂ ಅರಿಶಿನ ಹಚ್ಚಿದೆ, ನನ್ನ ಕೈಯಿಂದಲೇ ಶುರು ಮಾಡಿದೆ. ಎಲ್ಲರ ಹೊಟ್ಟೆಯಿಂದಲೂ ಒಂದೇ ಬರುತ್ತದೆ ಎಂಬುದೂ ಆ ಪಾಠದ ಭಾಗವಾಯಿತು.

ಮಗುವಿಗೆ ಕೈ ತೊಳೆಯಲು ಕಲಿಸಿ ಊರಿನ ಕೊಳವೆಯನ್ನು ಹಾಗೇ ಬಿಟ್ಟರೆ ಅದು ಅನ್ಯಾಯ. ರಾಯಚೂರಿನಲ್ಲಿ 2022ರಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ, ಮೈಸೂರು ಬಳಿಯ ಕೆ. ಸಾಲುಂಡಿಯಲ್ಲಿ 2024ರ ಮೇನಲ್ಲಿ ಕೆಟ್ಟ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಬಳಕೆದಾರನ ನಲ್ಲಿಯ ಕೊನೆಯಲ್ಲೂ ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುವುದು ನಮ್ಮ ದೇಶದ ಮಾನದಂಡ. ಹನಿ ಮದ್ದು ಹಾಕಿದರೆ ಬಣ್ಣ ತಿರುಗಿ ಅದನ್ನು ತೋರಿಸುವ ಕಿಟ್ ಪಂಚಾಯಿತಿಗಳಲ್ಲಿದೆ, ಐದನೇ ತರಗತಿಯ ಮಕ್ಕಳು ಶಿಕ್ಷಕರ ಜೊತೆ ನಿಂತು ಅದನ್ನು ಮಾಡಬಲ್ಲರು. ವಾರಕ್ಕೊಮ್ಮೆ ಆ ಬಣ್ಣವನ್ನು ಶಾಲೆಯ ಗೋಡೆಗೆ ಬರೆದಿಟ್ಟರೆ ನೀರುಗಂಟಿಯಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರೂ ಓದುತ್ತಾರೆ.

ತಡೆಯುವುದು ಹೇಗೆಂದು ಕಲಿಸಿದಷ್ಟೇ ಮುಖ್ಯ, ಭೇದಿ ಶುರುವಾದಾಗ ಏನು ಮಾಡಬೇಕೆಂದು ಕಲಿಸುವುದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯಿತು. ದಿಲೀಪ್ ಮಹಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳತೆಯಲ್ಲಿ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 3.6ಕ್ಕೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು.

ಉಪ್ಪಿನ ಜೊತೆ ಸಕ್ಕರೆ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಉಪ್ಪು ಒಂಟಿಯಾಗಿ ಬಂದರೆ ಅದು ತೆರೆಯದು, ಸಕ್ಕರೆಯ ಕೈ ಹಿಡಿದು ಬಂದರೆ ಇಬ್ಬರನ್ನೂ ಒಳಗೆ ಬಿಡುತ್ತದೆ, ಅವರ ಹಿಂದೆ ನೀರೂ ಬರುತ್ತದೆ ಎಂದರೆ ಸಾಕು, ಇಬ್ಬರು ಕೈ ಹಿಡಿದು ಆ ಆಟವನ್ನೇ ಆಡುತ್ತಾರೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಮೇಲು, ಆದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಬೇಕು. ಅರ್ಧ ಪೊಟ್ಟಣ ಲೋಟಕ್ಕೆ ಅಂದಾಜಿನಲ್ಲಿ ಸುರಿಯುವುದು ಅಪಾಯ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು. ಕಣ್ಣು ಗುಳಿಬಿದ್ದರೆ, ಅತ್ತಾಗ ನೀರು ಬರದಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯಲಾರದಷ್ಟು ಮಂಕಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು. ಭೇದಿಯಾದ ಮಕ್ಕಳಿಗೆ ವೈದ್ಯರು 10ರಿಂದ 14 ದಿನ ಜಿಂಕ್ ಮಾತ್ರೆಯನ್ನೂ ಕೊಡುತ್ತಾರೆ, ಭೇದಿ ನಿಂತಿತೆಂದು ನಡುವೆ ಬಿಡಬಾರದು. ಕೂಸಿಗೆ 6, 10, 14ನೇ ವಾರದಲ್ಲಿ ಹಾಕುವ ರೋಟಾವೈರಸ್ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಅಂಗಡಿಯಲ್ಲಿ ಓಆರ್‌ಎಸ್ ಎಂಬ ಹೆಸರಿಟ್ಟುಕೊಂಡು ಸಿಹಿ ಹಣ್ಣಿನ ಪಾನೀಯಗಳು ಬಹಳ ವರ್ಷ ಮಾರಾಟವಾದವು. ಸಕ್ಕರೆ ಹೆಚ್ಚಾದ ಪಾನೀಯ ಭೇದಿಯನ್ನು ಹೆಚ್ಚಿಸುತ್ತದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ತಡೆಯಿತು. ಪೆಟ್ಟಿಗೆಯ ಮೇಲಿನ ಅಕ್ಷರ ಓದಬಲ್ಲ ಮಗುವನ್ನು ಔಷಧಿ ಅಂಗಡಿಗೆ ಜೊತೆಗೆ ಕರೆದುಕೊಂಡು ಹೋಗಿ ಓದಿಸಿ.

ಈ ಪಾಠ ಮನೆಗೆ ಹೋಗುತ್ತದೆಯೇ ಎಂದು ಕೇಳುವವರಿಗೆ ಒಂದು ಸಂಗತಿ. ಮೂರನೇ ತರಗತಿಯ ಹುಡುಗನೊಬ್ಬನ ಮನೆಯಲ್ಲಿ ಪುಟ್ಟ ತಮ್ಮನಿಗೆ ಭೇದಿ. ನೀರು ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತದೆಂದು ಅಜ್ಜಿ ನೀರು ನಿಲ್ಲಿಸಿದ್ದರಂತೆ. ಇವನು ಚಮಚ, ಚೊಂಬು ಹಿಡಿದು ಕೂತನಂತೆ: "ಅಜ್ಜಿ, ಪಾಪುಗೆ ನೀರ್ ಕೊಡ್ಲೇಬೇಕಂತೆ, ಮಿಸ್ ಹೇಳವ್ರೆ." ಅಜ್ಜಿ ಬೈದರೂ ಬಿಡದೆ ಒಂದೊಂದೇ ಚಮಚ ಕುಡಿಸಿದ್ದಾನೆ. ಮರುದಿನ ಆಶಾ ಕಾರ್ಯಕರ್ತೆಯ ಜೊತೆ ಕೂಸು ಆಸ್ಪತ್ರೆಗೆ ಹೋಗಿ, ಗುಣವಾಗಿ ಬಂತು. ಆ ಅಜ್ಜಿಯೇ ಶಾಲೆಗೆ ಬಂದು ಹೇಳಿದ್ದು ಇದು. "ನಂಗೆ ಗೊತ್ತಿರ್ಲಿಲ್ಲ ಕಣವ್ವ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಎಲ್ಲಾ ಹೇಳಿದ ಮೇಲೂ ಒಂದು ಉಳಿಯುತ್ತದೆ. ಕೈ ತೊಳೆಯಿರಿ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದು ನಲ್ಲಿಯ ಬಳಿ ಸಾಬೂನು ಇಡದ ಶಾಲೆ, ಅಂಗನವಾಡಿ ನಾನು ಬಹಳ ಕಂಡಿದ್ದೇನೆ. ಇಟ್ಟರೆ ಕಳೆದುಹೋಗುತ್ತದೆ ಎನ್ನುತ್ತಾರೆ. ಈರುಳ್ಳಿ ಬರುವ ಬಲೆಚೀಲದಲ್ಲಿ ಸಾಬೂನು ಹಾಕಿ ನಲ್ಲಿಗೆ ಕಟ್ಟಿದರೆ ಕಳೆಯುವುದಿಲ್ಲ, ಮಣ್ಣಿಗೆ ಬಿದ್ದು ಕರಗುವುದೂ ಇಲ್ಲ. ನಿಮ್ಮ ಬೀದಿಯ ಅಂಗನವಾಡಿಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿ, ನಲ್ಲಿಯ ಪಕ್ಕ ಸಾಬೂನು ಇದೆಯೇ ನೋಡಿ. ಇಲ್ಲದಿದ್ದರೆ ಒಂದನ್ನು ಕಟ್ಟಿ ಬನ್ನಿ.